ಚಲಚ್ಚಿತ್ರದ ಮಾಯೆಯೂ ಮೂಲಪ್ರತಿಯ ರಕ್ಷಣೆಯೂ

ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳು ನಡೆಯುವ ಸಂಗತಿಯು ವಾಚಕ ಮಹಾಶಯರಿಗೆ ಹೊಸದೇನೂ ಅಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ದಿಕ್ಕಿಗೆ ಹೋದರೂ ಶ್ರೀಕೃಷ್ಣನು ಸಂಧಾನಕ್ಕೆ ಬರುವ ಪ್ರಸಂಗವನ್ನು ಹಾಡಬಲ್ಲವರು ಒಬ್ಬಿಬ್ಬರಾದರೂ ಸಿಕ್ಕುವರು. ಸಭೆಯಲ್ಲಿ ಕೃಷ್ಣನು ವಿಶ್ವರೂಪವನ್ನು ತೋರುವ ಸಮಯಕ್ಕೆ ಹಿಂದಿನ ಪರದೆಯನ್ನೆತ್ತಿ ಬಣ್ಣದ ದೀಪವನ್ನು ತಿರುಗಿಸುವರು. ಹಾರ್ಮೋನಿಯಂ ಏರುಸ್ವರದಲ್ಲಿ ನಿಲ್ಲುವುದು. ನೋಡುವವರು ತಾವಾಗಿಯೇ ಕೈಮುಗಿಯುವರು. ಮಿಕ್ಕುದನ್ನು ಪ್ರೇಕ್ಷಕರ ಭಕ್ತಿಯೇ ತುಂಬಿಕೊಳ್ಳುವುದು. ಆದರೆ ಈಗಿನ ಮಕ್ಕಳು ಚಲಚ್ಚಿತ್ರದಲ್ಲಿ ಆಕಾಶವೇ ಬಿರಿಯುವುದನ್ನು ಕಂಡವರಾದುದರಿಂದ, ನಮ್ಮ ಊರಿನ ಕೃಷ್ಣನಿಗೂ ಅಂಥದೊಂದು ವಿಶ್ವರೂಪವನ್ನು ಕಲ್ಪಿಸಬೇಕೆಂಬ ಆಸೆಯು ಅವರಿಗೆ ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ಆ ಆಸೆಯ ಹಿಂದೆ ಹೋಗಿ ನಾನು ಕಲಿತ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ. ಪಾಠವೆಂದೆನು, ಏತಕ್ಕೆಂದರೆ ಅದರಲ್ಲಿ ತಪ್ಪಿದವನು ಶಿಷ್ಯನಲ್ಲ, ಮೇಷ್ಟ್ರಾದ ನಾನೇ.

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದವನು. ಯಂತ್ರಗಳ ವಿಷಯದಲ್ಲಿ ನನ್ನ ಜ್ಞಾನವು ಅಲ್ಪ. ನನ್ನ ಹಳೆಯ ಶಿಷ್ಯರಲ್ಲಿ ಒಬ್ಬನು ನ್ಯಾಮತಿಯಲ್ಲಿ ಮದುವೆ ಮುಂಜಿಗಳ ಚಿತ್ರ ತೆಗೆಯುವ ಅಂಗಡಿಯನ್ನಿಟ್ಟಿದ್ದಾನೆ. ಇನ್ನೊಬ್ಬನು ಗಣಕಯಂತ್ರದಲ್ಲಿ ಚಿತ್ರ ರಚಿಸುವ ವಿದ್ಯೆಯನ್ನು ಬೆಂಗಳೂರಿನಲ್ಲಿ ಕಲಿತು ಊರಿಗೆ ಮರಳಿದ್ದಾನೆ. ಇವರಿಬ್ಬರೂ ಕೂಡಿ ಸಂಧಾನದ ಪ್ರಸಂಗವನ್ನು ಒಂದು ಕಿರುಚಿತ್ರವಾಗಿ ಮಾಡುವೆವೆಂದೂ, ಪದ್ಯಗಳ ಉಚ್ಚಾರಣೆಯನ್ನು ನಾನು ತಿದ್ದಬೇಕೆಂದೂ ಕೇಳಿಕೊಂಡರು. ಕೃಷ್ಣನ ಪಾತ್ರಕ್ಕೆ ಜಗಳೂರು ಸೀಮೆಯ ಒಬ್ಬ ವೃದ್ಧ ಕಲಾವಿದರು ಒಪ್ಪಿದರು. ನಲವತ್ತು ವರ್ಷ ಅದೇ ಪಾತ್ರವನ್ನು ಕಟ್ಟಿದ ದೇಹವು ಬಾಗಿದ್ದರೂ, ಕಿರೀಟ ತೊಟ್ಟೊಡನೆ ಬೆನ್ನು ನೆಟ್ಟಗಾಗುತ್ತಿತ್ತು.

ಮೊದಲ ಚಿತ್ರೀಕರಣವು ಜಗಳೂರಿನ ಹತ್ತಿರದ ಒಂದು ಶಾಲೆಯ ಅಂಗಳದಲ್ಲಿ ನಡೆಯಿತು. ಹಿಂದೆ ಹಸಿರು ಬಟ್ಟೆಯನ್ನು ಕಟ್ಟಿ, ಮುಂದೆ ಪಾತ್ರಧಾರಿಯನ್ನು ನಿಲ್ಲಿಸಿ, ಮೊಬೈಲಿನಲ್ಲಿಯೇ ಚಿತ್ರ ತೆಗೆದರು. ಆಮೇಲೆ ಆ ಹಸಿರನ್ನು ಗಣಕಯಂತ್ರದಲ್ಲಿ ಅಳಿಸಿ ಅದರ ಸ್ಥಾನದಲ್ಲಿ ಬೇರೆ ದೃಶ್ಯವನ್ನು ಕೂಡಿಸುವುದು ಈ ವಿದ್ಯೆಯ ರೂಢಿ. ಸಾಯಂಕಾಲ ಹುಡುಗರು ಆ ಚಿತ್ರಗಳನ್ನೆಲ್ಲ ವಾಟ್ಸಾಪಿನ ಮೂಲಕ ನನಗೆ ಕಳುಹಿಸಿದರು. ನೋಡಿ ಸಂತೋಷಪಟ್ಟೆನು. ಮರುದಿನ ಒಂದು ಮದುವೆಯ ಕೆಲಸವಿದ್ದು ಮೊಬೈಲಿನಲ್ಲಿ ಜಾಗ ಸಾಲದೆಂದು ಅವರು ಹೇಳಲು, "ನನ್ನ ಹತ್ತಿರ ಎಲ್ಲವೂ ಇದೆಯಷ್ಟೆ, ಅಲ್ಲಿರುವುದನ್ನು ಅಳಿಸಿಬಿಡಿ" ಎಂದು ನಾನೇ ಅಪ್ಪಣೆ ಕೊಟ್ಟೆನು. ಗುರುವಾಕ್ಯವನ್ನು ಮೀರಲಾರದೆ ಅವರು ಅಳಿಸಿದರು.

ಹದಿನೈದು ದಿನಗಳ ಮೇಲೆ ನ್ಯಾಮತಿಯ ಶಿಷ್ಯನು ನನ್ನನ್ನು ಕರೆಯಿಸಿ ಗಣಕಯಂತ್ರದ ಮುಂದೆ ಕುಳ್ಳಿರಿಸಿದನು. ಹಸಿರನ್ನು ತೆಗೆದೊಡನೆ ಕೃಷ್ಣನ ಭುಜಗಳ ಅಂಚು ಗರಗಸದ ಹಲ್ಲಿನಂತಾಗಿತ್ತು. ಬೆರಳುಗಳ ಸಂದುಗಳಲ್ಲಿ ಹಸಿರು ಕೊಳೆ ನಿಂತಿತ್ತು. ಕಿರೀಟದ ಮೇಲಿನ ನವಿಲುಗರಿಯು ಅರ್ಧಕ್ಕೆ ಅರ್ಧ ಮಾಯವಾಗಿತ್ತು. ಬೆರಳ ತುದಿಯಲ್ಲಿ ತಿರುಗಬೇಕಾದ ಚಕ್ರವು ಬೆರಳನ್ನು ಬಿಟ್ಟು ಅತ್ತಿತ್ತ ಜಾರುತ್ತಿತ್ತು. "ಮೂಲವಿದ್ದಿದ್ದರೆ ಒಂದಿಷ್ಟು ಸರಿಮಾಡಬಹುದಿತ್ತು, ಸಾರ್" ಎಂದಷ್ಟೇ ಅವನು ಹೇಳಿದನು. ಅಳಿಸಲು ಹೇಳಿದವರು ಯಾರೆಂಬುದನ್ನು ಹೇಳಲಿಲ್ಲ. ಅವನು ಹೇಳದೆ ಹೋದುದೇ ನನಗೆ ಹೆಚ್ಚು ನಾಟಿತು.

ಏನು ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ತಿಳಿಯದೆ ಎರಡನೆಯ ಬಾರಿಗೆ ಆ ವೃದ್ಧರನ್ನು ಬಣ್ಣ ಹಚ್ಚಿಕೊಳ್ಳಿರೆಂದು ಕೇಳಲು ನನಗೆ ಮುಖವಿರಲಿಲ್ಲ. ಆದುದರಿಂದ ಒಂದು ತಿಂಗಳು ಶಿಷ್ಯನ ಅಂಗಡಿಯಲ್ಲಿ ವಿದ್ಯಾರ್ಥಿಯಾದೆನು. ಅಲ್ಲಿ ತಿಳಿದ ವಿಷಯವನ್ನು ಸಂಸಾರಿಗಳಾದ ನಮ್ಮಂಥವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಲು ಯತ್ನಿಸುತ್ತೇನೆ. ಮನೆಯ ಮದುವೆಯ ಚಿತ್ರವನ್ನು ಕಾಪಾಡಿಕೊಳ್ಳಬೇಕೆನ್ನುವವರಿಗೂ ಇದು ಉಪಯೋಗವಾಗದೆ ಇರದು.

ಮೊದಲನೆಯದಾಗಿ, ಚಿತ್ರದ ಕಡತಗಳ ಹೆಸರಿನ ಕೊನೆಯಲ್ಲಿ ಕಾಣುವ ಎಂಪಿ4, ಎಂಒವಿ ಮೊದಲಾದುವು ಕೇವಲ ಕರಡಿಗೆಯ ಹೆಸರುಗಳು. ಕರಡಿಗೆಯೊಳಗೆ ಚಿತ್ರವನ್ನು ಮಡಿಸಿಟ್ಟ ಕ್ರಮಕ್ಕೆ ಕೋಡೆಕ್ ಎಂದು ಹೆಸರು. ಒಂದೇ ಬಗೆಯ ಕರಡಿಗೆಯಲ್ಲಿ ಚಿನ್ನವನ್ನೂ ಇಡಬಹುದು, ಗಿಲೀಟನ್ನೂ ಇಡಬಹುದು. ಆದುದರಿಂದ ಕರಡಿಗೆಯನ್ನು ಕಂಡು ವಸ್ತುವನ್ನು ನಿರ್ಣಯಿಸಲಾಗದು.

ಮಡಿಸುವುದೇತಕ್ಕೆ ಎಂದರೆ, ಲೆಕ್ಕ ಹಾಕಿ ನೋಡಿರಿ. ಸಾಮಾನ್ಯವಾದ ಪೂರ್ಣ ಎಚ್‌ಡಿ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳು, ಗುಣಿಸಿದರೆ 20,73,600. ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳನ್ನು ಬರೆಯಬೇಕು. ಇಂಥ ಚಿತ್ರಗಳು ಸೆಕೆಂಡಿಗೆ 25 ಬೇಕು. ಏನನ್ನೂ ಬಿಡದೆ ಬರೆದರೆ ಒಂದು ಗಂಟೆಯ ಚಿತ್ರಕ್ಕೆ ಸುಮಾರು 560 ಗಿಗಾಬೈಟ್ ಸ್ಥಳ ಹಿಡಿಯುವುದು. ಮೊಬೈಲು ಅದೇ ಒಂದು ಗಂಟೆಯನ್ನು ಒಂಬತ್ತು ಹತ್ತು ಗಿಗಾಬೈಟಿನಲ್ಲಿ ಅಡಗಿಸಿಕೊಳ್ಳಬಲ್ಲದು. ಐವತ್ತೈದು ಪಾಲಿನಲ್ಲಿ ಐವತ್ತನಾಲ್ಕನ್ನು ಎಲ್ಲಿ ಬಿಟ್ಟಿತು? ಈ ಪ್ರಶ್ನೆಗೆ ಉತ್ತರ ಸಿಕ್ಕಿದರೆ ಎಲ್ಲವೂ ಸಿಕ್ಕಿದಂತೆಯೇ.

ಪಾಣಿನಿಯ ಸೂತ್ರಗಳನ್ನು ಓದಿದವರಿಗೆ ಅನುವೃತ್ತಿಯೆಂಬುದು ಗೊತ್ತಿರುವುದು. ಮೊದಲಿನ ಸೂತ್ರದಲ್ಲಿ ಬಂದ ಪದವನ್ನು ಮುಂದಿನ ಸೂತ್ರದಲ್ಲಿ ಮತ್ತೆ ಹೇಳುವುದಿಲ್ಲ. ಅದು ತಾನಾಗಿಯೇ ಹರಿದುಬರುವುದೆಂದು ಗ್ರಹಿಸಬೇಕು. ಲಾಘವಕ್ಕಾಗಿ ಆಚಾರ್ಯರು ಮಾಡಿದ ಉಪಾಯವಿದು. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಕೋಡೆಕ್ಕೂ, 2013ರಲ್ಲಿ ಬಂದ ಎಚ್.265ವೂ ಇದೇ ದಾರಿಯನ್ನು ಹಿಡಿದಿವೆ. ಒಂದು ಚಿತ್ರವನ್ನು ಪೂರ್ತಿಯಾಗಿ ಬರೆದು, ಮುಂದಿನ ಹತ್ತಾರು ಚಿತ್ರಗಳಲ್ಲಿ ಏನು ಬದಲಾಯಿತೋ ಅಷ್ಟನ್ನೇ ಬರೆಯುವುವು. ಗೋಡೆ ಅಲ್ಲಾಡದಿದ್ದರೆ ಗೋಡೆಯನ್ನು ಮತ್ತೆ ಬರೆಯುವುದಿಲ್ಲ. ನೋಡುವುದಕ್ಕೆ ಈ ಲಾಘವ ಸಾಕು. ಆದರೆ ನಡುವಿನ ಒಂದು ಸೂತ್ರವನ್ನು ಮಾತ್ರ ಹರಿದು ಕೈಗೆ ಕೊಟ್ಟರೆ ಹೇಗೆ ಅರ್ಥವಾಗದೋ, ಹಾಗೆಯೇ ನಡುವಿನ ಒಂದು ಚಿತ್ರವನ್ನು ತೆಗೆದು ತಿದ್ದಬೇಕಾದರೆ ಗಣಕಯಂತ್ರವು ಪ್ರತಿಸಲವೂ ಹಿಂದಕ್ಕೆ ಹೋಗಿ ಎಲ್ಲವನ್ನೂ ಕೂಡಿಸಿ ತರಬೇಕಾಗುವುದು. ಆದುದರಿಂದ ಕೆಲಸ ಕುಂಟುವುದು. ಅಲ್ಲದೆ, ವೇಗವಾಗಿ ಚಲಿಸುವ ಕೈಬೆರಳಿನಂಥ ಭಾಗಗಳಲ್ಲಿ ಬದಲಾವಣೆಯನ್ನು ಪೂರ್ತಿಯಾಗಿ ಬರೆಯಲು ಜಾಗ ಸಾಲದೆ ಅವು ಕದಡಿಹೋಗುವುವು. ನಮ್ಮ ಚಕ್ರವು ಬೆರಳಿನಿಂದ ಜಾರಿದುದಕ್ಕೆ ಇದು ಕಾರಣ. ಚಕ್ರವನ್ನು ಅಂಟಿಸಲು ಗಟ್ಟಿಯಾದ ಗುರುತೇ ಅಲ್ಲಿರಲಿಲ್ಲ.

ಇದಕ್ಕೆ ವಿರುದ್ಧವಾಗಿ, ಪ್ರತಿಯೊಂದು ಸೂತ್ರಕ್ಕೂ ಬೇಕಾದ ಪದಗಳನ್ನೆಲ್ಲ ತುಂಬಿ ವೃತ್ತಿಯನ್ನು ಬರೆದಂತೆ, ಪ್ರತಿಯೊಂದು ಚಿತ್ರವನ್ನೂ ಸ್ವತಂತ್ರವಾಗಿ ಬರೆಯುವ ಕೋಡೆಕ್ಕುಗಳುಂಟು. ಏವಿಡ್ ಸಂಸ್ಥೆಯು 2004ರಲ್ಲಿ ತಂದ ಡಿಎನ್‌ಎಕ್ಸ್‌ಎಚ್‌ಡಿ, ಆಪಲ್ ಸಂಸ್ಥೆಯು 2007ರಲ್ಲಿ ತಂದ ಪ್ರೊರೆಸ್ ಇವು ಅಂಥವು. ಪ್ರೊರೆಸ್ಸಿನ ಉತ್ತಮವಾದ ಒಂದು ಭೇದದಲ್ಲಿ ಪೂರ್ಣ ಎಚ್‌ಡಿ ಚಿತ್ರವು ಗಂಟೆಗೆ ಸುಮಾರು 83 ಗಿಗಾಬೈಟ್ ಹಿಡಿಯುವುದು. 560ಕ್ಕೂ ಒಂಬತ್ತಕ್ಕೂ ನಡುವೆ ಇದೊಂದು ಮಧ್ಯಮಮಾರ್ಗ. ಕತ್ತರಿಸಿ ಜೋಡಿಸುವ ಕೆಲಸಕ್ಕೂ ಮಾಯಾದೃಶ್ಯದ ಕೆಲಸಕ್ಕೂ ಇದು ಯೋಗ್ಯ. ಆದರೆ ಒಂದು ಮಾತನ್ನು ಮರೆಯಬಾರದು. ಮೊಬೈಲಿನಲ್ಲಿ ಮಡಿಸಿಹೋದ ಚಿತ್ರವನ್ನು ಆಮೇಲೆ ಪ್ರೊರೆಸ್ಸಿಗೆ ತಿರುಗಿಸಿದರೆ ಕೆಲಸ ಸರಾಗವಾಗುವುದೇ ಹೊರತು ಹೋದ ವಿವರ ಮರಳಿ ಬಾರದು. ಗೆದ್ದಲು ತಿಂದ ತಾಳೆಗರಿಯನ್ನು ಹೊಸ ಕಾಗದದ ಮೇಲೆ ನಕಲು ಮಾಡಿದರೆ ಬಿಟ್ಟುಹೋದ ಅಕ್ಷರ ಹುಟ್ಟುವುದೆ?

ಎರಡನೆಯ ವಿಷಯವು ಬಣ್ಣದ್ದು. ಮನುಷ್ಯನ ಕಣ್ಣು ಬೆಳಕು ನೆರಳುಗಳನ್ನು ಗ್ರಹಿಸಿದಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗ್ರಹಿಸದು. ಇದನ್ನು ಬಲ್ಲ ಯಂತ್ರಜ್ಞರು, ಬೆಳಕನ್ನು ಚುಕ್ಕೆ ಚುಕ್ಕೆಗೂ ಬರೆದು, ಬಣ್ಣವನ್ನು ನಾಲ್ಕು ಚುಕ್ಕೆಗಳಿಗೆ ಒಂದರಂತೆ ಬರೆಯುವರು. ಇದಕ್ಕೆ 4:2:0 ಎಂದು ಸಂಕೇತ. ಅಂಗಳದ ರಂಗೋಲಿಯಲ್ಲಿ ಗೆರೆಗಳನ್ನು ಸೂಕ್ಷ್ಮವಾಗಿ ಎಳೆದು, ಬಣ್ಣವನ್ನು ಮಾತ್ರ ನಾಲ್ಕು ನಾಲ್ಕು ಮನೆಗಳಿಗೆ ಒಟ್ಟಾಗಿ ತುಂಬಿದಂತೆ. ದೂರದಿಂದ ನೋಡುವವರಿಗೆ ಕೊರತೆ ಕಾಣದು. ಹಸಿರು ಬಟ್ಟೆಯನ್ನು ಅಳಿಸುವ ಕೆಲಸವಾದರೋ ಬಣ್ಣವನ್ನೇ ನಂಬಿಕೊಂಡಿರುವುದು! ಅಂಚಿನಲ್ಲಿ ಎಲ್ಲಿ ಹಸಿರು ಮುಗಿಯಿತು, ಎಲ್ಲಿ ಭುಜ ಆರಂಭವಾಯಿತು ಎಂಬುದು ನಾಲ್ಕು ಚುಕ್ಕೆಗೊಮ್ಮೆ ಮಾತ್ರ ಬರೆದಿದ್ದರೆ ಅಂಚು ಮೆಟ್ಟಿಲು ಮೆಟ್ಟಿಲಾಗುವುದು. ಗರಗಸದ ಹಲ್ಲು ಹುಟ್ಟಿದುದು ಇಲ್ಲಿಂದಲೇ. ಎರಡು ಚುಕ್ಕೆಗೊಂದು ಬಣ್ಣ ಬರೆಯುವ 4:2:2 ಇದಕ್ಕಿಂತ ಮೇಲು. ಪ್ರತಿಯೊಂದು ಚುಕ್ಕೆಗೂ ಬರೆಯುವ 4:4:4 ಎಲ್ಲಕ್ಕಿಂತ ಮೇಲು.

ಬಣ್ಣದ ಮೆಟ್ಟಿಲುಗಳ ಸಂಖ್ಯೆಯೂ ಗಣನೆಗೆ ಬರತಕ್ಕದ್ದು. ಎಂಟು ಬಿಟ್ಟಿನ ಬರವಣಿಗೆಯಲ್ಲಿ ಒಂದೊಂದು ವರ್ಣಕ್ಕೆ 256 ಹಂತಗಳು; ಹತ್ತು ಬಿಟ್ಟಿನಲ್ಲಿ 1024. ಸೂಳೆಕೆರೆಯ ಮೇಲೆ ಅರುಣೋದಯವಾಗುವಾಗ ಆಕಾಶವು ಕೆಂಪಿನಿಂದ ನೀಲಿಗೆ ಎಷ್ಟು ನವಿರಾಗಿ ತಿರುಗುವುದೆಂಬುದನ್ನು ಚನ್ನಗಿರಿಯ ಕಡೆಯವರು ಬಲ್ಲರು. ಅದನ್ನು 256 ಹಂತಗಳಲ್ಲಿ ಹಿಡಿದು, ಆಮೇಲೆ ಬಣ್ಣವನ್ನು ಸ್ವಲ್ಪ ಹೆಚ್ಚಿಸಿದರೂ ಸಾಕು, ಆಕಾಶದಲ್ಲಿ ಪಟ್ಟೆ ಪಟ್ಟೆಯಾಗಿ ಗೆರೆಗಳು ಮೂಡುವುವು.

ಮೂರನೆಯದು ಕಾಲಗತಿ. ಚಲಚ್ಚಿತ್ರಕ್ಕೆ ಸೆಕೆಂಡಿಗೆ 24 ಚಿತ್ರಗಳು, ನಮ್ಮ ದೇಶದ ದೂರದರ್ಶನಕ್ಕೆ 25. ಮೊಬೈಲುಗಳು ಸಾಧಾರಣವಾಗಿ 30 ಎಂದು ಹೇಳಿಕೊಂಡು, ಬೆಳಕು ಕಡಿಮೆಯಾದಾಗ ತಮಗೆ ತೋರಿದಂತೆ ಸಂಖ್ಯೆಯನ್ನು ಏರಿಸಿ ಇಳಿಸುವುವು. ತಾಳ ತಪ್ಪಿದ ಮೃದಂಗದೊಡನೆ ಹಾಡುವುದು ಹೇಗೆ ಅಸಾಧ್ಯವೋ ಹಾಗೆ, ಗತಿ ತಪ್ಪುವ ಚಿತ್ರಕ್ಕೆ ಧ್ವನಿಯನ್ನೂ ಚಕ್ರವನ್ನೂ ಹೊಂದಿಸುವುದು ಕಷ್ಟ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದರಿಂದ ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುವುವು. 25 ಚಿತ್ರಗಳನ್ನು ತೆಗೆದು, ಒಂದೊಂದಕ್ಕೂ ಸೆಕೆಂಡಿನ ಐವತ್ತನೆಯ ಒಂದಂಶದಷ್ಟು ಕಾಲ ಕಿಂಡಿಯನ್ನು ತೆರೆದರೆ ಮಿಣುಕು ಕಾಣದು. ಕಲ್ಯಾಣಮಂಟಪಗಳಲ್ಲಿ ತೆಗೆದ ಚಿತ್ರಗಳು ಏಕೆ ಕಣ್ಣು ಕುಕ್ಕುವಂತೆ ಅದಿರುತ್ತಿರುವುವೆಂದು ನನಗೆ ಆಗ ತಿಳಿಯಿತು.

ಇವೆಲ್ಲದರ ಮೇಲೆ ವಾಟ್ಸಾಪು ಚಿತ್ರವನ್ನು ಮತ್ತೊಮ್ಮೆ ಮಡಿಸಿ ಕಿರಿದುಮಾಡಿ ಕಳುಹಿಸಿತ್ತು. ಹಿಟ್ಟನ್ನೇ ಮತ್ತೆ ಬೀಸುವ ಪಿಷ್ಟಪೇಷಣವನ್ನು ವ್ಯರ್ಥಶ್ರಮಕ್ಕೆ ಉದಾಹರಿಸುವರು. ಇಲ್ಲಿ ಅದು ವ್ಯರ್ಥ ಮಾತ್ರವಲ್ಲ, ನಷ್ಟ. ಅದೇ ವಾಟ್ಸಾಪಿನಲ್ಲಿ ಚಿತ್ರವನ್ನು ದಸ್ತಾವೇಜಿನ ರೂಪದಲ್ಲಿ ಕಳುಹಿಸಿದರೆ ಕೆಡದೆ ಬರುವುದೆಂಬ ಸಣ್ಣ ಸಂಗತಿಯು ಆ ದಿನ ನನಗೆ ತಿಳಿದಿರಲಿಲ್ಲ.

ಈ ಚಿಂತೆಯು ನಮ್ಮ ಹುಡುಗರದು ಮಾತ್ರವಲ್ಲ; ಚಲಚ್ಚಿತ್ರದಷ್ಟೇ ಹಳೆಯದು. ಫ್ರಾನ್ಸ್ ದೇಶದ ಮೆಲಿಯೆಸ್ 1896ರಲ್ಲಿಯೇ ಕ್ಯಾಮೆರಾವನ್ನು ನಡುವೆ ನಿಲ್ಲಿಸಿ ಮನುಷ್ಯರನ್ನು ಮಾಯಮಾಡುವ ಚಮತ್ಕಾರವನ್ನು ತೋರಿಸಿದನು. ನಮ್ಮ ದಾದಾಸಾಹೇಬ ಫಾಲ್ಕೆಯವರು 1919ರ 'ಕಾಳಿಯ ಮರ್ದನ'ದಲ್ಲಿ ಬಾಲಕೃಷ್ಣನನ್ನು ಸರ್ಪದ ಹೆಡೆಯ ಮೇಲೆ ಕುಣಿಸಿದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಬಂದುದೂ ಪುರಾಣಕಥೆಯನ್ನೇ ಹಿಡಿದು. 1977ರ 'ಬಭ್ರುವಾಹನ'ದಲ್ಲಿ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ರಾಜ್‌ಕುಮಾರರೊಬ್ಬರೇ ಎದುರುಬದುರಾಗಿ ನಿಂತುದನ್ನು ನಮ್ಮ ಪೀಳಿಗೆಯವರು ಬಾಯಿ ತೆರೆದು ನೋಡಿದೆವು. ಫಿಲ್ಮಿನ ಆ ಕಾಲದಲ್ಲಿ ಎರಡು ಚಿತ್ರಗಳನ್ನು ಕೂಡಿಸಬೇಕಾದರೆ ಪ್ರತಿಯಿಂದ ಪ್ರತಿಯನ್ನು ತೆಗೆಯಬೇಕಾಗುತ್ತಿತ್ತು, ತೆಗೆದಂತೆಲ್ಲ ಮಾಸುತ್ತಿತ್ತು. ಅದೇ 1977ರಲ್ಲಿ ಅಮೆರಿಕದ 'ಸ್ಟಾರ್ ವಾರ್ಸ್' ಚಿತ್ರವನ್ನು ಮಾಡಿದವರು ಮಾಯಾದೃಶ್ಯಗಳನ್ನು ಮಾತ್ರ ವಿಸ್ಟಾವಿಷನ್ ಎಂಬ ಹಿರಿದಾದ ಚೌಕಟ್ಟಿನ ಪದ್ಧತಿಯಲ್ಲಿ ತೆಗೆದರು. ಮುಂದೆ ನಕಲಿನಲ್ಲಿ ನಷ್ಟವಾಗುವುದನ್ನು ತಿಳಿದು ಮೊದಲೇ ಹೆಚ್ಚಾಗಿ ಕೂಡಿಟ್ಟುಕೊಂಡರು. ಮಾಯಾದೃಶ್ಯಕ್ಕೆ ಮೂಲವು ಉಳಿದ ದೃಶ್ಯಗಳಿಗಿಂತ ಉತ್ತಮವಾಗಿರಬೇಕೆಂಬ ಸೂತ್ರವು ಅಲ್ಲಿಂದಿಲ್ಲಿಗೂ ಬದಲಾಗಿಲ್ಲ.

ಈಚಿನ ಕನ್ನಡ ಚಿತ್ರಗಳಲ್ಲಿ ಈ ವಿದ್ಯೆಯು ಎಷ್ಟು ಬೆಳೆಯಿತೆಂಬುದಕ್ಕೆ ಎರಡು ನಿದರ್ಶನಗಳು ಸಾಕು. 2009ರಲ್ಲಿ ನಿಧನರಾದ ವಿಷ್ಣುವರ್ಧನರ ಮುಖವನ್ನು ಗಣಕಯಂತ್ರದಲ್ಲಿ ಪುನಃ ರಚಿಸಿ 2016ರ 'ನಾಗರಹಾವು' ಚಿತ್ರದಲ್ಲಿ ತೋರಿಸಿದರು. 2018ರ 'ಕೆ.ಜಿ.ಎಫ್.' ಚಿತ್ರದ ಮಾಯಾದೃಶ್ಯಗಳಿಗಾಗಿ ಯೂನಿಫೈ ಮೀಡಿಯಾ ಎಂಬ ಸಂಸ್ಥೆಗೆ ರಾಷ್ಟ್ರಪ್ರಶಸ್ತಿ ಬಂದಿತು. 2022ರಲ್ಲಿ ಬಂದ ಅದರ ಎರಡನೆಯ ಭಾಗವನ್ನು ಸಂಕಲಿಸಿದ ಉಜ್ವಲ್ ಕುಲಕರ್ಣಿ ಎಂಬವರು ಆಗ ಇಪ್ಪತ್ತರ ಆಸುಪಾಸಿನಲ್ಲಿದ್ದ ಕಲಬುರಗಿಯ ಯುವಕರು. ದೊಡ್ಡ ಪಟ್ಟಣದಲ್ಲಿ ಹುಟ್ಟಿದವರಿಗೆ ಮಾತ್ರ ಈ ವಿದ್ಯೆ ಒಲಿಯುವುದೆಂಬ ಭ್ರಮೆಯನ್ನು ಬಿಡಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಇದನ್ನು ಹೇಳಿಯೇ ನನ್ನ ಶಿಷ್ಯರು ಧೈರ್ಯ ತಂದುಕೊಂಡರು.

ನಾನು ಜಗಳೂರಿಗೆ ಹೋಗಿ ವೃದ್ಧರ ಎದುರಿನಲ್ಲಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ನಾಟಕದಲ್ಲಿ ಒಂದು ರಾತ್ರಿ ಕೆಟ್ಟರೆ ಮರುರಾತ್ರಿ ಕಟ್ಟುತ್ತೇವೆ. ಇನ್ನೊಂದು ಸಲ ಬಣ್ಣ ಹಚ್ಚುತ್ತೇನೆ, ಮೂರನೆಯ ಸಲ ಕೇಳಬೇಡಿ" ಎಂದರು. ಅವರ ಉಸಿರಾಟವನ್ನು ಕಂಡವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಈ ಸಲ ಸ್ಥಾಲೀಪುಲಾಕ ನ್ಯಾಯವನ್ನು ಅನುಸರಿಸಿದೆವು. ಪಾತ್ರೆಯ ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕುವಂತೆ, ಹಿಂದಿನ ವಾರವೇ ಶಾಲೆಯ ಹುಡುಗನೊಬ್ಬನಿಗೆ ಕಿರೀಟ ತೊಡಿಸಿ ಹತ್ತು ಸೆಕೆಂಡಿನ ಚಿತ್ರ ತೆಗೆದು, ಹಸಿರನ್ನು ಅಳಿಸಿ, ಚಕ್ರವನ್ನು ಕೂಡಿಸಿ, ಕೊನೆಯವರೆಗೂ ಸಾಗಿಸಿ ನೋಡಿದೆವು. ಕೆಟ್ಟುದು ಅಲ್ಲಿಯೇ ಕೆಟ್ಟಿತು. ನವಿಲುಗರಿಯ ತೊಡಕೂ ಆಗಲೇ ಸ್ಪಷ್ಟವಾಯಿತು. ಹಸಿರು ಬಟ್ಟೆಯಾದರೆ ಗರಿ ಮಾಯವಾಗುವುದು; ನೀಲಿ ಬಟ್ಟೆಯನ್ನು ಕಟ್ಟೋಣವೆಂದರೆ ಕೃಷ್ಣನ ಮೈಯೇ ನೀಲಿ! ಕೊನೆಗೆ ಹಸಿರನ್ನೇ ಉಳಿಸಿಕೊಂಡು, ಗರಿಯ ಸುತ್ತಲಿನ ಗೆರೆಯನ್ನು ಮಾತ್ರ ಒಂದೊಂದು ಚಿತ್ರದಲ್ಲಿಯೂ ಕೈಯಿಂದ ಎಳೆಯುವುದೆಂದು ನಿಶ್ಚಯಿಸಿದೆವು. ಸೆಕೆಂಡಿಗೆ ಇಪ್ಪತ್ತೈದು ಸಲ ಗರಿಯನ್ನು ಬರೆಯುವ ತಪಸ್ಸನ್ನು ಹುಡುಗರು ಗೊಣಗದೆ ಒಪ್ಪಿದರು.

ಹತ್ತು ಬಿಟ್, 4:2:2ರಲ್ಲಿ ಬರೆಯಬಲ್ಲ ಕ್ಯಾಮೆರಾವೊಂದನ್ನು ದಾವಣಗೆರೆಯಿಂದ ಬಾಡಿಗೆಗೆ ತಂದೆವು. ಚನ್ನಗಿರಿಯ ಒಂದು ಮಂಟಪದೊಳಗೆ ಬಟ್ಟೆಯನ್ನು ಸುಕ್ಕಿಲ್ಲದೆ ಬಿಗಿದು, ಬಟ್ಟೆಗೊಂದು ಬೆಳಕು, ಪಾತ್ರಕ್ಕೊಂದು ಬೆಳಕು ಎಂದು ಬೇರೆ ಬೇರೆಯಾಗಿ ಇಟ್ಟೆವು. ಹಸಿರು ಮೈಗೆ ತಗಲದಂತೆ ಪಾತ್ರವನ್ನು ಬಟ್ಟೆಯಿಂದ ಏಳೆಂಟು ಅಡಿ ಮುಂದೆ ನಿಲ್ಲಿಸಿದೆವು. ಕೆಸರನ್ನು ತುಳಿದು ಕಾಲು ತೊಳೆಯುವುದಕ್ಕಿಂತ ತುಳಿಯದಿರುವುದೇ ಲೇಸೆಂಬ ಪಂಕಪ್ರಕ್ಷಾಲನ ನ್ಯಾಯವು ಈ ವಿದ್ಯೆಗೆ ಸರ್ವಥಾ ಸಲ್ಲುವುದು.

ಆಮೇಲಿನ ಕೆಲಸದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಚಿತ್ರೀಕರಣ ಮುಗಿದ ರಾತ್ರಿಯೇ ಮೂಲವನ್ನು ಎರಡು ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ನ್ಯಾಮತಿಯ ಅಂಗಡಿಯಲ್ಲಿಯೂ ಇನ್ನೊಂದನ್ನು ಹೊನ್ನಾಳಿಯ ನಮ್ಮ ಮನೆಯ ಬೀರುವಿನಲ್ಲಿಯೂ ಇಟ್ಟೆವು. ಎರಡನ್ನೂ ತೆರೆದು ನೋಡಿ ಸರಿಯಾಗಿವೆಯೆಂದು ಕಂಡ ಮೇಲೆಯೇ ಕ್ಯಾಮೆರಾದ ಕಾರ್ಡನ್ನು ಅಳಿಸಿದುದು. ಬಳಿಕ ಮೂಲದಿಂದ ಪ್ರಾಕ್ಸಿ ಎಂಬ ಹಗುರವಾದ ಪ್ರತಿನಿಧಿ ನಕಲುಗಳನ್ನು ಮಾಡಿಕೊಂಡು, ಹಳೆಯ ಗಣಕಯಂತ್ರದಲ್ಲಿಯೇ ಕತ್ತರಿಸಿ ಜೋಡಿಸುವ ಕೆಲಸವನ್ನು ನಡೆಸಿದರು. ವರನ ಅಳತೆಗೆ ತಮ್ಮನನ್ನು ನಿಲ್ಲಿಸಿ ಅಂಗಿ ಹೊಲಿದಂತೆ. ಕೊನೆಗೆ ತೊಡುವವನು ವರನೇ. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿಯೇ ಇದಕ್ಕೆ ಸಾಕಾಯಿತು.

ಸಂಕಲನವು ಪೂರ್ತಿಯಾಗಿ ನಿಶ್ಚಯವಾಗುವವರೆಗೆ ಮಾಯಾದೃಶ್ಯಕ್ಕೆ ಕೈಹಾಕಬಾರದೆಂಬುದು ಎರಡನೆಯ ನಿಯಮ. ಹುಡುಗರು ಉತ್ಸಾಹದಿಂದ ಮೊದಲೇ ಮಾಡಿದ ಆರು ಸೆಕೆಂಡಿನ ಒಂದು ಚಕ್ರಪ್ರಯೋಗವು ಸಂಕಲನದಲ್ಲಿ ಬಿಟ್ಟುಹೋದುದರಿಂದ ಒಂದು ವಾರದ ಶ್ರಮ ವ್ಯರ್ಥವಾಯಿತು. ನಿಶ್ಚಯವಾದ ಮೇಲೆ, ಮಾಯೆ ಬೇಕಾದ ತುಣುಕುಗಳನ್ನು ಮಾತ್ರ ಮೂಲದಿಂದ ತೆಗೆದು, ಎರಡು ತುದಿಗಳಲ್ಲಿಯೂ ಹತ್ತು ಹನ್ನೆರಡು ಚಿತ್ರಗಳಷ್ಟು ಹೆಚ್ಚಾಗಿ ಬಿಡಬೇಕು. ಬಟ್ಟೆ ಹೊಲಿಯುವವರು ಒಳಗೆ ಮಡಿಕೆ ಬಿಡುವುದಿಲ್ಲವೆ, ಹಾಗೆ.

ಚಕ್ರವನ್ನು ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ರಚಿಸಿದರು. ಅದನ್ನು ಒಂದು ಚಲಚ್ಚಿತ್ರವಾಗಿ ಬರೆಯದೆ, ಒಂದೊಂದು ಚಿತ್ರಕ್ಕೂ ಬೇರೆ ಕಡತವಾಗುವಂತೆ ಓಪನ್‌ಇಎಕ್ಸ್‌ಆರ್ ಎಂಬ ಕ್ರಮದಲ್ಲಿ ಬರೆದರು. ಅಮೆರಿಕದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯು 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ರಮವಿದು. ಇದರಲ್ಲಿ ಬೆಳಕಿನ ಹಂತಗಳು ಬಹಳ. ಯಾವ ಭಾಗವು ಪಾರದರ್ಶಕ, ಯಾವುದು ಅಲ್ಲ ಎಂಬ ವಿವರವೂ ಚಿತ್ರದೊಡನೆ ಇರುವುದು. ಸಾಮಾನ್ಯವಾದ ಎಚ್.264 ಕಡತದಲ್ಲಿ ಈ ವಿವರಕ್ಕೆ ಸ್ಥಳವಿಲ್ಲ. ನಮ್ಮ ಸೀಮೆಯವರಿಗೆ ಇದರಿಂದ ಇನ್ನೊಂದು ಉಪಕಾರವುಂಟು. ಗಣಕಯಂತ್ರವು ರಾತ್ರಿಯೆಲ್ಲ ಚಕ್ರವನ್ನು ಬರೆಯುತ್ತಿರುವಾಗ ವಿದ್ಯುತ್ತು ಹೋದರೆ, ಒಂದೇ ಕಡತವಾಗಿದ್ದ ಪಕ್ಷದಲ್ಲಿ ಎಲ್ಲವೂ ಕೆಡಬಹುದು; ಬಿಡಿಬಿಡಿಯಾಗಿದ್ದರೆ ಮುನ್ನೂರನೆಯ ಚಿತ್ರದಲ್ಲಿ ನಿಂತದ್ದನ್ನು ಮುನ್ನೂರೊಂದರಿಂದ ಮುಂದುವರಿಸಬಹುದು. ಅಂಥ ರಾತ್ರಿಗಳು ನಮಗೆ ನಾಲ್ಕಾರು ಬಂದುವು.

ಹೆಸರಿಡುವ ವಿಷಯದಲ್ಲಿಯೂ ಒಂದು ಮಾತು. 'ಅಂತಿಮ', 'ಅಂತಿಮ ಹೊಸದು', 'ನಿಜವಾದ ಅಂತಿಮ' ಎಂದು ಮೂರು ಕಡತಗಳನ್ನು ಕಂಡು ನಾನು ನಕ್ಕೆನು. ಅಂತಿಮವೆಂಬುದು ಒಂದೇ ಇರಬೇಕಾದ ಪದವಲ್ಲವೆ? ಅಂದಿನಿಂದ ದೃಶ್ಯದ ಸಂಖ್ಯೆ, ತುಣುಕಿನ ಸಂಖ್ಯೆ, ಆವೃತ್ತಿಯ ಸಂಖ್ಯೆ ಎಂಬ ಕ್ರಮವನ್ನು ಹಿಡಿದರು. ಕೂಡಿಸಿದ ತುಣುಕುಗಳನ್ನು ಪುನಃ ಸಂಕಲನದಲ್ಲಿ ಸೇರಿಸಿ, ಎಲ್ಲಕ್ಕೂ ಬಣ್ಣವನ್ನು ಸಮಮಾಡಿ, ಧ್ವನಿಯನ್ನು ಹೊಂದಿಸಿದ ಮೇಲೆ ಒಂದು ಉತ್ತಮ ಪ್ರತಿಯನ್ನು ಪ್ರೊರೆಸ್ಸಿನಲ್ಲಿ ಮಾಡಿ ಇಟ್ಟರು. ಜನರಿಗೆ ತೋರಿಸಲು, ಕಳುಹಿಸಲು ಎಚ್.264. ನೋಡಿರಿ, ನಾವು ಮೊದಲು ನಿಂದಿಸಿದ ಅದೇ ಕೋಡೆಕ್ಕು ಕೊನೆಯ ಸ್ಥಾನದಲ್ಲಿ ಯೋಗ್ಯವೇ ಆಯಿತು. ದೋಷವು ವಸ್ತುವಿನಲ್ಲಿರಲಿಲ್ಲ, ಅದನ್ನು ಆದಿಯಲ್ಲಿಟ್ಟ ನಮ್ಮಲ್ಲಿತ್ತು.

ವಿಶ್ವರೂಪಕ್ಕೆ ಬೇಕಾದ ಜಗತ್ತನ್ನು ನಾವು ದೂರದಿಂದ ತರಲಿಲ್ಲ. ಸೂಳೆಕೆರೆಯ ಬೆಳಗಿನ ನೀರು, ಹೊನ್ನಾಳಿಯ ತುಂಗಭದ್ರೆಯ ಪ್ರವಾಹ, ನ್ಯಾಮತಿಯ ಕಡೆಯ ತೀರ್ಥರಾಮೇಶ್ವರದ ಬೆಟ್ಟ, ಜಗಳೂರಿನ ಕೊಂಡುಕುರಿಯ ಕಾಡಿನ ಒಣ ಅಂಚು, ಈ ನಾಲ್ಕನ್ನೂ ಅದೇ ಕ್ಯಾಮೆರಾದಲ್ಲಿ ಅದೇ ಗತಿಯಲ್ಲಿ ಹಿಡಿದು ಕೃಷ್ಣನ ಹಿಂದೆ ಒಂದಾದ ಮೇಲೊಂದು ಬರುವಂತೆ ಮಾಡಿದರು. ವಿಶ್ವವೆಂದರೆ ನಮ್ಮ ಪಾಲಿಗೆ ಮೊದಲು ಇದೇ ಅಲ್ಲವೆ?

ಗರಿಯ ಕೆಲಸ ನಡೆಯುತ್ತಿದ್ದ ತಿಂಗಳಲ್ಲಿಯೇ ಆ ವೃದ್ಧ ಕಲಾವಿದರು ತೀರಿಕೊಂಡರೆಂದು ಸುದ್ದಿ ಬಂದಿತು. ಅದೇ ವಾರ ಅಂಗಡಿಯ ಡಿಸ್ಕು ಕೆಟ್ಟು ತೆರೆಯದೆ ಹೋಯಿತು. ಹುಡುಗರ ಮುಖ ಕಪ್ಪಿಟ್ಟಿತು. ನಾನು ಮನೆಗೆ ಹೋಗಿ ಬೀರುವಿನ ಬೀಗವನ್ನು ತೆಗೆಯುವಾಗ ಕೈ ನಡುಗುತ್ತಿತ್ತೆಂದು ಹೇಳಲು ನಾಚಿಕೆಯಿಲ್ಲ. ಎರಡನೆಯ ಡಿಸ್ಕು ತೆರೆಯಿತು. ಮೂರನೆಯ ಸಲ ಕೇಳಬೇಕಾದ ಪ್ರಸಂಗವೇ ಬರಲಿಲ್ಲ. ಬಂದಿದ್ದರೂ ಕೇಳಲು ಯಾರೂ ಇರಲಿಲ್ಲ.

ಗೃಹಸ್ಥರಾದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯಲ್ಲಿ ಮಂಗಳಕಾರ್ಯವಾದಾಗ ಚಿತ್ರ ತೆಗೆದವರು ಕೊಡುವ ಹಾಡು ಹೂಮಳೆಗಳ ಅಲಂಕೃತ ಪ್ರತಿಯಿಂದ ತೃಪ್ತರಾಗಬೇಡಿರಿ. ಕತ್ತರಿಸದ ಮೂಲವನ್ನೂ ಕೇಳಿ ಪಡೆದುಕೊಳ್ಳಿರಿ. ಮುಂಗಡವಾಗಿಯೇ ಮಾತನಾಡಿದರೆ ಕಷ್ಟವಾಗದು. ಅದನ್ನು ಎರಡು ಡಿಸ್ಕುಗಳಲ್ಲಿ ಎರಡು ಮನೆಗಳಲ್ಲಿ ಇಡಿರಿ. ವರ್ಷಕ್ಕೊಮ್ಮೆ, ಯುಗಾದಿಗೋ ದೀಪಾವಳಿಗೋ, ತೆರೆದು ನೋಡಿರಿ. ಅಟ್ಟದ ಮೇಲೆ ಹಳೆಯ ಟೇಪುಗಳಿದ್ದರೆ ಬೂಷ್ಟು ಹಿಡಿಯುವ ಮೊದಲು ಡಿಜಿಟಲ್ ರೂಪಕ್ಕೆ ತಿರುಗಿಸಿಕೊಳ್ಳಿರಿ. ತಾಯಿತಂದೆಗಳ ಧ್ವನಿಯೂ ನಡಿಗೆಯೂ ಅಲ್ಲಿ ಮಾತ್ರ ಉಳಿದಿರಬಹುದು. ಅಲಂಕಾರವನ್ನು ನಾಳೆಯೂ ಮಾಡಬಹುದು, ನಮ್ಮ ಮೊಮ್ಮಕ್ಕಳೂ ಮಾಡಬಹುದು. ಮೂಲವನ್ನು ಯಾರೂ ಮಾಡಲಾರರು.

ಚಿತ್ರವನ್ನು ಮೊದಲು ತೋರಿಸಿದುದು ಜಗಳೂರು ಕಡೆಯ ಅದೇ ಶಾಲೆಯ ಅಂಗಳದಲ್ಲಿ, ಬಿಳಿಯ ಬಟ್ಟೆಯ ಮೇಲೆ. ಕೃಷ್ಣನ ಹಿಂದೆ ನೀರು, ಬೆಟ್ಟ, ಕಾಡುಗಳು ಮೂಡಿದಾಗ ಊರವರು ಹಿಂದಿನಂತೆಯೇ ಕೈಮುಗಿದರು. ತೀರಿಕೊಂಡವರ ಹೆಂಡತಿಯು ಮಾತ್ರ ಬೆಟ್ಟವನ್ನೂ ಚಕ್ರವನ್ನೂ ನೋಡಲಿಲ್ಲ. "ಗಾಳಿಗೆ ಗರಿ ಅಲ್ಲಾಡ್ತಿದೆ ನೋಡಿ" ಎಂದು ಪಕ್ಕದವರಿಗೆ ಹೇಳಿದರು. ಗರಿಯನ್ನು ಬರೆದ ಹುಡುಗನು ಎದ್ದು ಕತ್ತಲೆಯ ಕಡೆಗೆ ಹೋದನು.

ಆ ತಾಯಿಗೆ ಒಂದು ಡಿಸ್ಕನ್ನು ಕೊಟ್ಟೆವು. ಇನ್ನೊಂದು ನಮ್ಮ ಬೀರುವಿನಲ್ಲಿದೆ. ಎರಡರ ಮೇಲೆಯೂ ನಾನೇ ಶಾಯಿಯಲ್ಲಿ ಬರೆದಿದ್ದೇನೆ: ಇದು ಮೂಲಪ್ರತಿ, ಯಾರು ಹೇಳಿದರೂ ಅಳಿಸಕೂಡದು.